ಸೋಲಾಪುರದ ಹಳೇ ಪೇಠಗಳೊಳಗ ಮನಿ ಹಿಡಿಯೋರಿಗೆ

ಬಾಡಿಗಿ ಕಡಿಮಿ ಅಂತ ಸಾಖರ್ ಪೇಠ, ಅಶೋಕ ಚೌಕದ ಕಡೆ ಮನಿ ನೋಡ್ಲಿಕ್ಕೆ ಹತ್ತೀರಿ ಅಂದ್ರ ಮೊದಲ ನೀರಿಂದು ಕೇಳ್ರಿ. ಉಜನಿ ಡ್ಯಾಮಿನ ನೀರು ಊರಿಗೆ ಬರ್ತದ ಖರೆ, ಆದ್ರ ಓಣಿಯ ನಳಕ್ಕ ದಿನಾ ಬರಂಗಿಲ್ಲ, ನಾಲ್ಕೈದು ದಿನಕ್ಕೊಮ್ಮೆ ಬಂದ್ರೂ ಬಂತು. ಮಾಲಕರು "ನೀರಿಂದೇನ್ ತ್ರಾಸಿಲ್ರಿ" ಅಂತನ ಅಂತಾರ. ಬಾಜೂಮನಿ ಅಜ್ಜಿನ್ನ ಕೇಳ್ರಿ, ಯಾವ ವಾರ, ಎಷ್ಟೊತ್ತಿಗೆ, ಎಷ್ಟು ಕೊಡ ಅಂತ ಬಾಯಿಪಾಠ ಹೇಳ್ತಾಳ. ನಾನು ಕೇಳಲಿಲ್ಲ. ಮೊದಲ ವಾರ ಎರಡು ಬಕೀಟಿನಾಗ ಸಂಸಾರ ಮಾಡಿದೆ. ಸಿಂಟೆಕ್ಸ್ ಇಲ್ಲದ ಮನಿ ಪುಕ್ಕಟೆ ಕೊಟ್ರೂ ಬ್ಯಾಡ.

ಎರಡನೇದು, ರಾತ್ರಿ ಹತ್ತಕ್ಕ ಹೋಗಿ ಒಮ್ಮೆ ನಿಂದರ್ರಿ. ಗ್ವಾಡಿ ಆಚೆ ಪವರ್‌ಲೂಮ್ ಇದ್ರ ಖಟಾಖಟ್ ನಿಲ್ಲಂಗಿಲ್ಲ, ಹತ್ತಿ ಧೂಳು ಬ್ಯಾರೆ. ದಮ್ಮು ಇದ್ದವರು ದೂರ ಇರ್ರಿ. ಮೂಲಿಯೊಳಗ ಕುಡುಕರು ಕೂಡೋ ಜಾಗಾನೂ ಆವಾಗ್ಲೇ ಕಾಣ್ತದ.

ಅಂಜಿಕಿ ಮಾತ್ರ ಕೇಳಿದಷ್ಟಿಲ್ಲ. ಬೀಡಿ ಕಟ್ಟೋ ಹೆಣಮಕ್ಕಳು ಬಾಗಿಲಾಗ ಕೂತಿರ್ತಾರ, ಯಾರು ಬಂದ್ರು ಯಾರು ಹೋದ್ರು ಅವರಿಗೆ ಗೊತ್ತು. ಸಿಸಿಟಿವಿಗಿಂತ ಪಾಡ. ತೆಲುಗು, ಮರಾಠಿ, ಉರ್ದು, ಕನ್ನಡ ಎಲ್ಲಾ ಕಲಸಿ ಮಾತಾಡ್ತಾರ, ನಿಮ್ಮ ಕನ್ನಡ ನಡೀತದ. ಗಾಡಿಗೆ ಮಾತ್ರ ಕೀಲಿ ಹಾಕ್ರಿ.

ಹನ್ನೊಂದು ತಿಂಗಳ ಕರಾರು ಇದ್ರೂ ರಜಿಸ್ಟರ್ ಮಾಡಸ್ರಿ, ಮಹಾರಾಷ್ಟ್ರದಾಗ ಕಾಯದೆನ ಹಂಗದ. ಸಂಕ್ರಾಂತಿ ಟೈಮಿಗೆ ಸಾಮಾನು ಸಾಗಸಬ್ಯಾಡ್ರಿ, ಸಿದ್ಧೇಶ್ವರ ಜಾತ್ರಿಯ ನಂದಿಧ್ವಜ ಹೊಂಟ್ವು ಅಂದ್ರ ಟೆಂಪೋ ಅಲ್ಲೇ ನಿಂತದ.