ಊಟಕ್ ಬರ್ತಾರ್ರಿ

ಕಲಬುರಗಿಯಲ್ಲಿ ಹದಿನಾಲ್ಕು ವರ್ಷದಿಂದ ಮದುವೆ ವಿಡಿಯೋ ತೆಗೀತಿದ್ದೀನಿ. ಸ್ಟೇಜಿನ ಮೇಲೆ ‘ಮನಿಯವ್ರೆಲ್ಲಾ ಬರ್ರಿ, ಫ್ಯಾಮಿಲಿ ಫೋಟೊ’ ಅಂತ ಕೂಗಿದಾಗ ಪ್ರತಿ ಮದುವೆಯಲ್ಲೂ ಒಬ್ಬರು ಎದ್ದು, ಎರಡು ಹೆಜ್ಜೆ ಬಂದು, ಹಂಗೇ ತಿರುಗಿ ಹೋಗಿ ಕೂತುಬಿಡ್ತಾರೆ. ಮೂರು ದಿನ ಅಡುಗೆಯವರ ಬೆನ್ನು ಹತ್ತಿದವರು ಅವರೇ ಆಗಿರ್ತಾರೆ. ಅಂಥವರೇ ಒಂದು ಮನೆ ಮಾಡಿದರೆ ಹೇಗಿರುತ್ತೆ ಅನ್ನೋದೇ ನನ್ನ ಸಿನಿಮಾ.

ಹೆಂಡತಿ ಬಿಟ್ಟು ಪುಣೆಗೆ ಹೋದಳು, ಅತ್ತೆ ಮಾತ್ರ ಅಳಿಯನ ಮನೆಯಲ್ಲೇ ಉಳಿದರು. ಮಾಳಿಗೆ ಮೇಲೆ ಬಾಡಿಗೆ ಕೊಡೋದನ್ನ ಯಾವಾಗಲೋ ಮರೆತ ರಿಟೈರ್ಡ್ ರೈಲ್ವೆ ಗಾರ್ಡ್ ಕಾಕಾ. ಕಾಕಾನ ಗೆಳೆಯನ ಮೊಮ್ಮಗಳು, ಓದಲಿಕ್ಕೆ ಆಳಂದದಿಂದ ಬಂದವಳು. ಇವರಿಗೆ ರೇಷನ್ ಕಾರ್ಡ್ ಬೇಕು. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಕಾರ್ಡಿನ ಮಟ್ಟಿಗೆ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ, ಅಂದರೆ ಅತ್ತೆ. ಉಳಿದವರು ಆಕೆಗೆ ಏನಾಗಬೇಕು?

ಮೊದಲ ಡ್ರಾಫ್ಟಿನಲ್ಲಿ ಎಲ್ಲರನ್ನೂ ತಿಕ್ಕಲು ಮಾಡಿಟ್ಟಿದ್ದೆ. ಕಾಕಾ ಮಧ್ಯರಾತ್ರಿ ಎದ್ದು ಹಸಿರು ಬಾವುಟ ಬೀಸ್ತಿದ್ದ. ಓದಿದ ಗೆಳೆಯರು ನಕ್ಕರು, ನನಗೇ ನಗು ಬರಲಿಲ್ಲ. ತಾವು ಬೇರೆ ಥರ ಅನ್ನೋ ಸುಳಿವು ಆ ಮನೆಯವರಿಗೇ ಇರಬಾರದು. ತಬ್ಬಿಬ್ಬಾಗಬೇಕಾದವನು ಫಾರ್ಮ್ ಹಿಡಿದು ಬಂದ ಗುಮಾಸ್ತ. ಬಾವುಟ ಕಿತ್ತು ಹಾಕಿದೆ.

ಬ್ರಹ್ಮಪುರದ ಹಳೇ ಮನೆಯೊಂದರಲ್ಲಿ ಹನ್ನೊಂದು ದಿನ ಶೂಟಿಂಗ್, ಅದೂ ಮೇ ತಿಂಗಳಲ್ಲಿ. ಹೊರಗೆ 42 ಡಿಗ್ರಿ. ಒಳಗೆ ಕೂಲರ್ ಹಚ್ಚಿದರೆ ಮೈಕಿಗೆ ಬರೀ ಗೊರಗೊರ. ಪ್ರತಿ ಶಾಟಿಗೂ ಕೂಲರ್ ಬಂದ್ ಮಾಡೋದು, ‘ಕಟ್’ ಅಂದ ಕೂಡಲೇ ಎಲ್ಲರೂ ಅದರ ಮುಂದೆ ಓಡೋದು. ಶಹಾಬಾದ್ ಕಲ್ಲಿನ ನೆಲ ಬೇರೆ ಮಾತನ್ನೆಲ್ಲ ಬಾವಿಯೊಳಗಿನಂತೆ ಮಾರ್ದನಿಸ್ತಿತ್ತು. ಓಣಿಯವರ ಕೌದಿಗಳನ್ನು ಇಸಕೊಂಡು ಬಂದು ಕ್ಯಾಮೆರಾಕ್ಕೆ ಕಾಣದ ಕಡೆಯಲ್ಲೆಲ್ಲ ಹಾಸಿ, ಗೋಡೆಗೂ ಇಳಿಬಿಟ್ಟೆವು. ಮಾರ್ದನಿ ಅರ್ಧಕ್ಕರ್ಧ ಇಳೀತು. ಟ್ಯೂಬ್‌ಲೈಟ್ ಮಿಣುಕಬಾರದು ಅಂತ ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/50ಕ್ಕೆ ಇಟ್ಟಿದ್ದೆ, ಅದು ಮದುವೆ ಛತ್ರ ಕಲಿಸಿದ ಪಾಠ.

ಅತ್ತೆ ಪಾತ್ರದವರು ಕಂಪನಿ ನಾಟಕದಲ್ಲಿ ಬೆಳೆದವರು. ಕಡೇ ಸಾಲಿನವನಿಗೂ ಕೇಳೋ ಗಂಟಲು. ‘ಸಣ್ಣಗ ಅನ್ರಿ ಅವ್ವಾರ’ ಅಂದರೆ ಮುಖ ಸಪ್ಪಗಾಗ್ತಿತ್ತು. ಕೊನೆಗೆ ಕೈಗೆ ಜೋಳದ ಹಿಟ್ಟು ಕೊಟ್ಟೆ. ರೊಟ್ಟಿ ಬಡಿಯೋಕೆ ಕೂತ ಕೂಡಲೇ ದನಿ ತಾನಾಗೇ ಇಳೀತು.

ಗುಮಾಸ್ತ ಕಾಕಾನ ಕಡೆ ಪೆನ್ನು ತೋರಿಸಿ, ‘ಇವ್ರು ನಿಮಗೇನಾಗ್ಬೇಕ್ರಿ?’ ಅಂತಾನೆ. ಆಕೆ ರೊಟ್ಟಿ ಬಡೀತಾನೇ ಇದ್ದಾರೆ. ಹಂಚಿಗೆ ಹಾಕಿದರು. ಅರಿವೆ ಅದ್ದಿ ಮೇಲೆ ನೀರು ಸವರಿದರು. ತಿರುವಿ ಹಾಕಿದರು. ಆಮೇಲೆ, ‘ಊಟಕ್ ಬರ್ತಾರ್ರಿ.’

ಎಡಿಟಿಂಗಿನಲ್ಲಿ ನಡುವೆ ಗುಮಾಸ್ತನ ಮುಖ ಹಾಕಿ ನೋಡಿದೆ, ಕಾಕಾನ ಮುಖ ಹಾಕಿ ನೋಡಿದೆ. ಎರಡೂ ಸತ್ತವು. ಕೊನೆಗೆ ಎಲ್ಲ ತೆಗೆದು ರೊಟ್ಟಿ ಬೇಯುವಷ್ಟು ಹೊತ್ತು ಒಂದೇ ಶಾಟ್ ಬಿಟ್ಟೆ. ಹಿನ್ನೆಲೆಗೆ ಸಂಗೀತವೂ ಇಲ್ಲ, ಬಡಿಯೋ ಸಪ್ಪಳವೇ ಸಾಕು.

ಮುಗಿದ ಮೇಲೆ ಅದೇ ಮನೆಯ ಮಾಳಿಗೆಯಲ್ಲಿ ಬೆಡ್‌ಶೀಟ್ ಕಟ್ಟಿ, ಕೌದಿ ಕೊಟ್ಟವರನ್ನೆಲ್ಲ ಕರೆದು ತೋರಿಸಿದೆವು. ಆ ಮಾತಿಗೆ ಜನ ಹೋ ಅಂತ ನಕ್ಕರು. ಮುಂದೆ ಕೂತಿದ್ದ ಒಬ್ಬ ಆಯಿ ಮಾತ್ರ ಹಿಂದೆ ತಿರುಗಿ ಕೇಳಿದಳು: ‘ಇದ್ರಾಗ ನಗೋದೇನದ? ಊಟಕ್ ಬರೋರ್ನ ಮತ್ತೇನಂತಾರ?’

ಅದಕ್ಕೂ ನಕ್ಕರು. ಆಕೆ ನಗಲಿಲ್ಲ.