ತಕ್ಕಡಿಗಿಂತ ಮೊದಲು ಎಣ್ಣೆ ಪ್ಯಾಕೆಟ್

ಮಕ್ಕಳ ಬೊಜ್ಜು ತಡೆಯುವ ಕಾರ್ಯಕ್ರಮ ಅಂದಕೂಡಲೇ ಶಾಲೆಯವರು ತೂಕದ ಯಂತ್ರ ತಂದಿಡುತ್ತಾರೆ. ಕಾರ್ಯಕ್ರಮ ನಡೆಸುವ ನಾವು ಅದನ್ನು ಎರಡನೇ ತಿಂಗಳಿಗೆ ತಳ್ಳುತ್ತೇವೆ. ಮೊದಲ ತಿಂಗಳು ಪೂರ್ತಿ ಮನೆಯವರದ್ದು. ದಿನಸಿ ಚೀಟಿ ಬರೆಯುವುದು ಮಗುವಲ್ಲವಲ್ಲ.

ಸಭೆಗೆ ಅಮ್ಮಂದಿರನ್ನಷ್ಟೇ ಕರೆದರೆ ಕೆಲಸ ಕೆಟ್ಟಿತು. ಮಗು ದಪ್ಪವಾದರೂ ಅವರದೇ ತಪ್ಪು, ಕರಿದದ್ದು ಕಡಿಮೆಯಾದರೂ ಅವರಿಗೇ ಬೈಗುಳ. ಸಭೆಗೆ ಕರೆಯುವ ಚೀಟಿಯಲ್ಲಿ ಅಪ್ಪ, ಅಜ್ಜಿ, ತಾತ ಎಂದು ಬಿಡಿಸಿ ಬರೆಯುತ್ತೇವೆ. ‘ಮೈಕೈ ತುಂಬಿಕೊಂಡಿದೆ, ದೃಷ್ಟಿ ಹಾಕಬೇಡಿ’ ಅನ್ನುವ ಅಜ್ಜಿ ಒಪ್ಪದಿದ್ದರೆ ಆ ಮನೆಯಲ್ಲಿ ಏನೂ ಬದಲಾಗುವುದಿಲ್ಲ.

ಸಭೆಯಲ್ಲಿ ಹೇಳುವುದು ಒಂದೇ ಲೆಕ್ಕ. ನಾಲ್ಕು ಜನರ ಮನೆಗೆ ತಿಂಗಳಿಗೆ ಒಂದು ಲೀಟರಿನ ಮೂರೇ ಪ್ಯಾಕೆಟ್ ಎಣ್ಣೆ. ಲೀಟರಿಗೆ ಸುಮಾರು 910 ಗ್ರಾಂ, ಅಂದರೆ ತಲೆಗೆ ದಿನಕ್ಕೆ 22–23 ಗ್ರಾಂ. ಪ್ಯಾಕೆಟ್ ಕತ್ತರಿಸಿದ ದಿನವೇ ಅದರ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆಯಬೇಕು. ಹತ್ತು ದಿನಕ್ಕೆ ಮೊದಲೇ ಖಾಲಿಯಾದರೆ ಬೇರೆ ವಿವರಣೆ ಬೇಕಿಲ್ಲ. ಇಲ್ಲಿ ತಪ್ಪುವುದು ತುಪ್ಪ, ಬೆಣ್ಣೆ ಮತ್ತು ಭಾನುವಾರದ ಹೋಟೆಲ್ ಮಸಾಲೆ ದೋಸೆ. ಇವು ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕ ಇಟ್ಟವರು ಎಣ್ಣೆಯನ್ನು ಡಬ್ಬಿಯಿಂದ ನೇರ ಬಾಣಲೆಗೆ ಸುರಿಯುವುದು ಬಿಟ್ಟು ಚಮಚ ಹಿಡಿಯುತ್ತಾರೆ. ಅದರ ಲಾಭ ಬಿಪಿ ಮಾತ್ರೆ ನುಂಗುವ ತಾತನಿಗೂ ಸಿಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸಾಮರ್‌ವಿಲ್‌ನಲ್ಲಿ 2002ರಿಂದ ನಡೆದ ಕಾರ್ಯಕ್ರಮ ಮಕ್ಕಳಿಗಾಗಿಯೇ ಇದ್ದರೂ, ಅಪ್ಪ–ಅಮ್ಮಂದಿರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಕೂಡ ಸ್ವಲ್ಪ ಇಳಿದಿತ್ತು.

ಆಮೇಲೆ ಸಕ್ಕರೆ. 200 ಮಿಲಿಯ ಹಣ್ಣಿನ ಪಾನೀಯದ ಲೇಬಲ್ಲಿನಲ್ಲಿ 100 ಮಿಲಿಗೆ 13 ಗ್ರಾಂ ಅಂತಿದ್ದರೆ, ಪ್ಯಾಕಿನಲ್ಲಿರುವುದು 26. ಐದು ಟೀ ಚಮಚ ಸಕ್ಕರೆಯನ್ನು ಗಾಜಿನ ಲೋಟಕ್ಕೆ ಒಂದೊಂದಾಗಿ ಹಾಕಿ ತೋರಿಸುತ್ತೇವೆ. ಭಾಷಣ ಬೇಡ.

ಒಂದು ಕಟ್ಟುನಿಟ್ಟು: ದಪ್ಪಗಿರುವ ಮಗುವಿಗೆ ಮಾತ್ರ ಬೇರೆ ಅಡುಗೆ ಕೂಡದು. ತಮ್ಮನಿಗೆ ಬೋಂಡಾ, ಅಕ್ಕನಿಗೆ ಸೌತೆಕಾಯಿ ಎಂದರೆ ಅವಳು ಕದ್ದು ತಿನ್ನಲು ಕಲಿಯುತ್ತಾಳೆ. ಅದೇ ತರಗತಿಯಲ್ಲಿ ತೂಕ ಸಾಲದ ಮಕ್ಕಳೂ ಇರುತ್ತಾರೆ, ಹಾಗಾಗಿ ‘ಕಡಿಮೆ ತಿನ್ನಿ’ ಎಂಬ ಮಾತನ್ನೇ ನಾವು ಆಡುವುದಿಲ್ಲ. ಹಾಲು, ಮೊಟ್ಟೆ, ಕಾಳು ಯಾರಿಗೂ ಕಡಿತವಿಲ್ಲ.

ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ನಿಯಮವಿದೆ. ನಿಯಮ ತೋರಿಸಿ ಅಂಗಡಿಯವನನ್ನು ಎಬ್ಬಿಸಿದರೆ ಅವನು 60ನೇ ಮೀಟರಿನಲ್ಲಿ ಕೂರುತ್ತಾನೆ, ಅಷ್ಟೇ. ಬೇಯಿಸಿದ ಕಡಲೆಕಾಯಿ, ಸೀಬೆ, ಎಣ್ಣೆ ಕಡಿಮೆ ಹಾಕಿದ ಚುರುಮುರಿಗೆ ಗಿರಾಕಿ ಸಿಗುವಂತೆ ಮಾಡುವುದು ನಿಧಾನ, ಆದರೆ ನಿಲ್ಲುವ ಕೆಲಸ. ಹುಟ್ಟುಹಬ್ಬದ ಚಾಕೊಲೇಟಿಗೆ ತಿಂಗಳಿಗೊಂದೇ ದಿನ: 40 ಮಕ್ಕಳ ತರಗತಿಯಲ್ಲಿ ಇಲ್ಲದಿದ್ದರೆ ಹೆಚ್ಚುಕಡಿಮೆ ವಾರಕ್ಕೊಂದು ಹಂಚಿಕೆ.

ಎರಡನೇ ತಿಂಗಳ ಅಳತೆ ಪರದೆಯ ಹಿಂದೆ, ಒಬ್ಬೊಬ್ಬರಾಗಿ. ಶೂ ಬಿಚ್ಚಿಸಿ, ತುರುಬು ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ. 36 ಕೆಜಿಯ ಮಗುವಿನ 130 ಸೆಂಮೀ ಎತ್ತರವನ್ನು 132 ಎಂದು ಬರೆದರೆ ಬಿಎಂಐ 21.3ರಿಂದ 20.7ಕ್ಕೆ ಇಳಿಯುತ್ತದೆ. ಅಂಚಿನಲ್ಲಿರುವ ಮಗುವಿನ ತೂಕದ ಗುಂಪೇ ಬದಲಾದೀತು. ಅಂಕಿಯನ್ನು ಗಟ್ಟಿಯಾಗಿ ಓದುವಂತಿಲ್ಲ. ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ಬೆಳವಣಿಗೆ ಚಾರ್ಟಿನಲ್ಲಿ ಗುರುತು ಹಾಕಿ, ಮುಚ್ಚಿದ ಲಕೋಟೆಯಲ್ಲಿ ಎಲ್ಲ ಮಕ್ಕಳ ಮನೆಗೂ ಕಳಿಸುತ್ತೇವೆ. ಕೆಲವರಿಗಷ್ಟೇ ಕೊಟ್ಟರೆ ಲಕೋಟೆಯೇ ಅಡ್ಡಹೆಸರಾಗುತ್ತದೆ.

ವರ್ಷದ ಕೊನೆಗೆ ‘ಒಂದು ಕೆಜಿಯೂ ಇಳಿದಿಲ್ಲ’ ಎಂದು ಬರುವ ಅಪ್ಪಂದಿರಿಗೆ ಹಳೆಯ ಲಕೋಟೆಯನ್ನೂ ತರಲು ಹೇಳುತ್ತೇವೆ. ಹೋದ ವರ್ಷ 140 ಸೆಂಮೀ, 45 ಕೆಜಿ, ಬಿಎಂಐ 23. ಈ ವರ್ಷ 146 ಸೆಂಮೀ, ಅದೇ 45 ಕೆಜಿ, ಬಿಎಂಐ 21.1.