ಪದವಿನಿಂದ ಪದವಿಗೆ: ಕಾಸರಗೋಡಿನ ಒಳದಾರಿಗಳಲ್ಲಿ ಸೈಕಲ್ ಸವಾರಿ

ಕುಂಬಳೆಯಿಂದ ಮೂಡಕ್ಕೆ ಸೈಕಲ್ ತಿರುಗಿಸಿದರೆ ದೊಡ್ಡ ಘಾಟಿ ಯಾವುದೂ ಸಿಗುವುದಿಲ್ಲ. ಬೈಲಿಗೆ (ಗುಡ್ಡೆಗಳ ನಡುವಿನ ತಗ್ಗು) ಇಳಿ, ತೋಡು (ಸಣ್ಣ ಹಳ್ಳ) ದಾಟು, ಗುಡ್ಡೆ ಹತ್ತು, ಪದವಿನ (ಗುಡ್ಡೆಯ ಮೇಲಿನ ಮಟ್ಟಸ ಬಯಲು) ಮೇಲೆ ಒಂದೆರಡು ಕಿಲೋಮೀಟರ್ ಹಾಯಾಗಿ ಹೋಗು, ಮತ್ತೆ ಇಳಿ. ದಿನವಿಡೀ ಇದೇ. ಒಂದೊಂದು ಏರು ಅರ್ಧ ಕಿಲೋಮೀಟರ್ ಇದ್ದೀತು, ಆದರೆ ಕಡಿದಾದದ್ದು. ಘಾಟಿಯಲ್ಲಿ ಒಂದೇ ಲಯದಲ್ಲಿ ತುಳಿದು ರೂಢಿಯಾದವರು ಇಲ್ಲಿ ಬೇಗ ಸೋಲುತ್ತಾರೆ, ಏಕೆಂದರೆ ಲಯ ಹಿಡಿಯುವಷ್ಟರಲ್ಲಿ ಏರು ಮುಗಿದು ಇಳಿತ ಬಂದಿರುತ್ತದೆ. ಹಾಗಾಗಿ ಇಲ್ಲಿ ದಾರಿ ಆರಿಸುವಾಗ ದೂರಕ್ಕಿಂತ ಮೊದಲು ನೋಡಬೇಕಾದದ್ದು ಎಷ್ಟು ಬೈಲು ದಾಟಬೇಕು ಎಂಬುದನ್ನು.

ದಾರಿ ಗುರುತಿಸುವ ಕ್ರಮ

ನಕ್ಷೆಯಲ್ಲಿ ಮೊದಲು ತೋಡು-ಹೊಳೆಗಳನ್ನು ನೋಡಿ. ನಿಮ್ಮ ದಾರಿ ಅವನ್ನು ಎಷ್ಟು ಸಲ ದಾಟುತ್ತದೋ ಅಷ್ಟು ಏರು ಖಂಡಿತ. ಎರಡು ಊರಿನ ನಡುವೆ ಎರಡು ದಾರಿಯಿದ್ದರೆ, ಪದವಿನ ಬೆನ್ನಿನ ಮೇಲೇ ಸಾಗುವುದನ್ನು ಆರಿಸಿ. ನಾಲ್ಕೈದು ಕಿಲೋಮೀಟರ್ ಸುತ್ತಾದರೂ ಅದೇ ಸುಲಭ.

ಸಮಯದ ಲೆಕ್ಕ ಹೀಗೆ ಹಾಕಬಹುದು. ಚೀಲ ಕಟ್ಟಿದ ಸೈಕಲ್ಲಿಗೆ ಗಂಟೆಗೆ 15–16 ಕಿ.ಮೀ. ಹಿಡಿಯಿರಿ, ಅದರ ಮೇಲೆ ಪ್ರತಿ 100 ಮೀಟರ್ ಒಟ್ಟು ಏರಿಗೆ 10 ನಿಮಿಷ ಸೇರಿಸಿ. 50 ಕಿ.ಮೀ. ದಾರಿಯಲ್ಲಿ 700 ಮೀಟರ್ ಏರಿದ್ದರೆ ತುಳಿಯುವ ಸಮಯವೇ ನಾಲ್ಕು ಗಂಟೆ ಮೀರುತ್ತದೆ. ಚಹಾ, ಊಟ, ಪಂಕ್ಚರು ಬೇರೆ.

ಆ್ಯಪ್ ತೋರಿಸಿದ ಪ್ರತಿ ಗೆರೆಯೂ ರಸ್ತೆಯಲ್ಲ. ಈ ಕಡೆ ಹಲವು ಗೆರೆಗಳು ಯಾರದೋ ಅಡಿಕೆ ತೋಟದ ಗೇಟಿನಲ್ಲಿ ಮುಗಿಯುತ್ತವೆ. ಕೆಲವು ಮೆಟ್ಟಿಲಿಗೆ ಬಂದು ನಿಲ್ಲುತ್ತವೆ, ಇನ್ನು ಕೆಲವು ಕಾಲುಸಂಕಕ್ಕೆ, ಅಂದರೆ ನಡೆದು ದಾಟುವ ಕಿರುಸೇತುವೆಗೆ. ಉಪಗ್ರಹ ಚಿತ್ರದಲ್ಲಿ ದೊಡ್ಡದು ಮಾಡಿ ನೋಡಿ. ಕಪ್ಪಾಗಿ ಕಂಡರೆ ಡಾಮರು, ಬೂದು-ಬಿಳಿಯಾದರೆ ಕಾಂಕ್ರೀಟು, ಕೆಂಪಾದರೆ ಮಣ್ಣು. ಕಾಂಕ್ರೀಟು ಕಂಡಲ್ಲಿ ಹೆಚ್ಚು ಎಚ್ಚರ ಬೇಕು. ಡಾಮರು ನಿಲ್ಲದಷ್ಟು ಕಡಿದಾದ ಜಾಗಕ್ಕೇ ಪಂಚಾಯತಿನವರು ಕಾಂಕ್ರೀಟು ಹಾಕುವುದು ಹೆಚ್ಚು. ಬಸ್ಸು ಓಡುವ ದಾರಿಯಾದರೆ ಏರು ಎಷ್ಟೇ ಇರಲಿ, ತುಳಿಯಲು ಆಗುವಂಥದ್ದೇ.

ದಾರಿ ಕೇಳುವಾಗ "ಏರು ಉಂಟಾ?" ಎಂದರೆ "ಸಣ್ಣದು ಒಂದು ಉಂಟು" ಎಂಬ ಉತ್ತರ ಬರುತ್ತದೆ. ಅದು ಬೈಕಿನವರ ಲೆಕ್ಕ. "ಜೀಪು ಫಸ್ಟ್ ಗೇರಲ್ಲಿ ಹೋಗಬೇಕಾ?" ಎಂದು ಕೇಳಿ ನೋಡಿ, ಸರಿಯಾದ ಮಾಹಿತಿ ಸಿಗುತ್ತದೆ. ತುಳು, ಕನ್ನಡ, ಮಲಯಾಳ ಮೂರರಲ್ಲಿ ಯಾವುದು ಬಂದರೂ ಈ ಭಾಗದಲ್ಲಿ ಸಾಕು.

ತುಳಿಯಬಹುದಾದ ಕೆಲವು ದಾರಿಗಳು

ಮೊದಲ ಸಲ ಬರುವವರಿಗೆ ಕುಂಬಳೆ–ಅನಂತಪುರ–ಸೀತಾಂಗೋಳಿ–ಬೇಳ–ನೀರ್ಚಾಲು ಒಳ್ಳೆಯದು. ಕುಂಬಳೆ ಬಿಟ್ಟ ಮೇಲಿನ ಏರು ಮುಗಿದರೆ ಬಹುಪಾಲು ಪದವಿನ ಮೇಲೇ ಇರುತ್ತೀರಿ. ಅನಂತಪುರದ ಸರೋವರ ದೇವಸ್ಥಾನ, ಬೇಳದ ಹಳೆಯ ಇಗರ್ಜಿ ಎರಡೂ ಈ ದಾರಿಗೆ ಹತ್ತಿರವೇ. ಹಿಂದಿರುಗುವಾಗ ಸೀತಾಂಗೋಳಿಯಿಂದ ಮಾಯಿಪ್ಪಾಡಿ, ಉಳಿಯತ್ತಡ್ಕದ ಮೂಲಕ ಕಾಸರಗೋಡಿಗೆ ಇಳಿಯಬಹುದು. ನಡುವೆ ಮಧೂರಿಗೆ ಹೋಗಿಬರಲು ಹೆಚ್ಚು ದೂರವಿಲ್ಲ. ಕುಂಬಳೆ–ಬದಿಯಡ್ಕ ಮುಖ್ಯ ರಸ್ತೆಯಲ್ಲಿ ಬಸ್ಸುಗಳ ಓಟ ಜೋರು. ಬೆಳಗ್ಗೆ ಎಂಟಕ್ಕೆ ಮೊದಲೇ ಆ ಭಾಗ ಮುಗಿಸಿಕೊಳ್ಳಿ.

ಎರಡನೆಯದು ಪೊಸಡಿಗುಂಪೆ ಗುಡ್ಡದ ಸುತ್ತು. ಉಪ್ಪಳದ ಕೈಕಂಬದಿಂದ ಪೈವಳಿಕೆ, ಬಾಯಾರು ಕಡೆಗೆ ಏರಿ, ಧರ್ಮತ್ತಡ್ಕಕ್ಕೆ ತಿರುಗಿ, ಪೆರ್ಮುದೆಯ ಮೂಲಕ ಬಂದ್ಯೋಡಿಗೆ ಇಳಿಯುವುದು. ಇಡೀ ಉತ್ತರ ಕಾಸರಗೋಡಿನಲ್ಲಿ ನಮಗೆ ಅತ್ಯಂತ ಪ್ರಿಯವಾದ ಸುತ್ತು ಇದು. ಒಂದು ಕಡೆ ಬೋಳು ಪದವು, ಇನ್ನೊಂದು ಕಡೆ ಕೆಳಗೆ ಅಡಿಕೆ ತೋಟದ ಹಸಿರು, ಪಡುವಣಕ್ಕೆ ಆಕಾಶ ತಿಳಿಯಿದ್ದರೆ ಕಡಲು. ಗುಂಪೆಯ ನೆತ್ತಿಗೆ ಸೈಕಲ್ ತುಳಿದುಕೊಂಡು ಹೋಗುವ ಹಟ ಬೇಡ. ಬುಡದ ಅಂಗಡಿಯ ಬಳಿ ಬೀಗ ಹಾಕಿ ನಡೆದು ಹತ್ತಿ. ಹುಲ್ಲಿನ ಅಡಿಯಲ್ಲಿ ಮುರಕಲ್ಲಿನ (ಇಲ್ಲಿನ ಕೆಂಪು ಜಂಬಿಟ್ಟಿಗೆ ಕಲ್ಲು) ಚೂಪು ಅಂಚುಗಳಿರುತ್ತವೆ, ಟಯರಿನ ಬದಿ ಸೀಳಿದರೆ ತೇಪೆಯಿಂದ ಆಗುವ ಕೆಲಸವಲ್ಲ. ಈ ಸುತ್ತನ್ನು ತಿರುಗಾಮುರುಗಾ ಮಾಡಿಯೂ ತುಳಿಯಬಹುದು.

ಪೆರ್ಲದಿಂದ ಸ್ವರ್ಗ, ಆರ್ಲಪದವು, ಪಾಣಾಜೆಯಾಗಿ ಪುತ್ತೂರಿಗೆ ಹೋಗುವ ದಾರಿ ಮೂರನೆಯದು. ಪೆರ್ಲ–ಅಡ್ಯನಡ್ಕ–ವಿಟ್ಲ ರಸ್ತೆಯಲ್ಲಿ ಲಾರಿಗಳು ಹೆಚ್ಚು, ಇದರಲ್ಲಿ ಕಡಿಮೆ. ಕಾಡು, ತೋಟ, ರಬ್ಬರು ಒಂದಾದ ಮೇಲೊಂದು ಬರುತ್ತವೆ. ಊಟವನ್ನು ಪೆರ್ಲದಲ್ಲೇ ಮುಗಿಸಿ ಹೊರಡಿ.

ಮುಳ್ಳೇರಿಯ, ಆದೂರು ದಾಟಿ ಅಡೂರಿನ ಮಹಾಲಿಂಗೇಶ್ವರ ದೇವಸ್ಥಾನದ ಕಡೆಗೆ, ಅಲ್ಲಿಂದ ಮಂಡೆಕೋಲಿನ ಮೂಲಕ ಸುಳ್ಯಕ್ಕೆ ಹೋಗುವ ದಾರಿ ಪಯಸ್ವಿನಿ ಹೊಳೆಯ ಸೀಮೆಯದು. ಬಲು ಚೆಂದ, ಆದರೆ ಆನೆ ಬರುವ ಜಾಗ. ಕಾರಡ್ಕ, ದೇಲಂಪಾಡಿ, ಮಂಡೆಕೋಲು ಭಾಗದಲ್ಲಿ ತೋಟಗಳಿಗೆ ಕಾಡಾನೆ ಇಳಿಯುವುದು ವರ್ಷ ವರ್ಷವೂ ಇದೆ. ಬೆಳಕು ಪೂರ್ತಿ ಹರಿದ ಮೇಲೆ ಹೊರಟು, ಸಂಜೆ ನಾಲ್ಕೂವರೆಯೊಳಗೆ ಊರು ಸೇರುವಂತೆ ಲೆಕ್ಕ ಹಾಕಿ. ರಸ್ತೆಯಲ್ಲಿ ಹಸಿ ಲದ್ದಿ, ಮುರಿದ ಬೈನೆಮರ, ಎಳೆದ ಬಾಳೆ ಕಂಡರೆ ಹತ್ತಿರದ ಮನೆಯಲ್ಲಿ ವಿಚಾರಿಸದೆ ಮುಂದೆ ಹೋಗಬೇಡಿ. ಸೈಕಲ್ಲಿಗೆ ಸದ್ದಿಲ್ಲ. ತಿರುವಿನಲ್ಲಿ ಆನೆಗೂ ನಿಮಗೂ ಒಟ್ಟಿಗೇ ಗೊತ್ತಾಗುವುದೇ ಇಲ್ಲಿನ ಅಪಾಯ.

ಇನ್ನು ರಾಷ್ಟ್ರೀಯ ಹೆದ್ದಾರಿ 66. ತಲಪಾಡಿಯಿಂದ ದಕ್ಷಿಣಕ್ಕೆ ಈಗ ಅದು ಷಟ್ಪಥ. ಅದನ್ನು ಸವಾರಿಯ ಭಾಗವಾಗಿ ಎಣಿಸಲೇ ಬೇಡಿ, ದಾಟಲು ಮಾತ್ರ ಇಟ್ಟುಕೊಳ್ಳಿ. ಅನಿವಾರ್ಯವಾದರೆ ಸರ್ವಿಸ್ ರಸ್ತೆ.

ಗೇರು

ಇಲ್ಲಿ ಸವಾರಿ ಕೆಡುವುದಕ್ಕೆ ಮೊದಲ ಕಾರಣ ಗೇರು. ಮುಂದಿನ ಹಲ್ಲುಚಕ್ರ 34 ಹಲ್ಲಿನದು, ಹಿಂದಿನ ಅತಿ ದೊಡ್ಡದು 28 ಹಲ್ಲಿನದು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 60 ಸುತ್ತು ಪೆಡಲು ತುಳಿದರೆ ವೇಗ ಗಂಟೆಗೆ ಸುಮಾರು 9 ಕಿ.ಮೀ. ಆಗುತ್ತದೆ. 12 ಶೇಕಡಾ ಏರಿನಲ್ಲಿ ಹತ್ತು ಕಿಲೋ ಚೀಲ ಹೊತ್ತು ಆ ವೇಗ ಉಳಿಸಿಕೊಳ್ಳುವುದು ಸಾಮಾನ್ಯ ಸವಾರರಿಂದ ಆಗುವುದಿಲ್ಲ. ಪೆಡಲು ನಿಧಾನವಾಗುತ್ತದೆ, ಪೂರ್ತಿ ಭಾರ ಮೊಣಕಾಲಿಗೆ ಬೀಳುತ್ತದೆ, ಮಧ್ಯಾಹ್ನದೊಳಗೆ ಮಂಡಿಯ ಮುಂಭಾಗ ನೋಯತೊಡಗುತ್ತದೆ. ಹಿಂದೆ 34 ಹಲ್ಲಿನದ್ದು ಹಾಕಿಸಿದರೆ ಅದೇ 60 ಸುತ್ತಿಗೆ ವೇಗ ಏಳೂವರೆಗೆ ಇಳಿಯುತ್ತದೆ. ಈ ಸಣ್ಣ ವ್ಯತ್ಯಾಸವೇ ತುಳಿಯುವುದಕ್ಕೂ ತಳ್ಳಿಕೊಂಡು ನಡೆಯುವುದಕ್ಕೂ ಇರುವ ಅಂತರ. ಮುಂದೆ 30–32, ಹಿಂದೆ 36 ಇದ್ದರೆ ಇನ್ನೂ ಒಳ್ಳೆಯದು. ಹಿಂದಿನ ಚಕ್ರದ ಗೇರು ಬದಲಿಸುವ ಮುನ್ನ ನಿಮ್ಮ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎಷ್ಟು ಹಲ್ಲಿನವರೆಗೆ ತಡೆದೀತು ಎಂದು ಅಂಗಡಿಯಲ್ಲಿ ಕೇಳಿ. ಚೈನೂ ಉದ್ದ ಮಾಡಬೇಕಾಗುತ್ತದೆ.

ಬೈಲಿನಿಂದ ಏರು ಶುರುವಾಗುವ ಮೊದಲೇ, ಚೈನಿನ ಮೇಲೆ ಭಾರ ಬೀಳುವ ಮುನ್ನವೇ ಗೇರು ಇಳಿಸಿ. ಈ ಕಡೆ ಸೇತುವೆಯ ತುದಿಯಲ್ಲೇ ತಿರುವು, ತಿರುವಿನಲ್ಲೇ ಏರು. ಅರ್ಧ ಹತ್ತಿದ ಮೇಲೆ ಒತ್ತಿ ಬದಲಿಸಿದರೆ ಚೈನು ಒಳಗೆ ಬಿದ್ದು ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ.

ಬ್ರೇಕು, ಟಯರು

ಇಳಿಯುವಾಗ ಬ್ರೇಕನ್ನು ಹಿಡಿದೇ ಇರಬೇಡಿ. ರಿಮ್ ಬ್ರೇಕಾದರೆ ರಿಮ್ಮು ಕಾದು ಟ್ಯೂಬೇ ಒಡೆಯಬಹುದು, ಡಿಸ್ಕಾದರೆ ಪ್ಯಾಡು ಗಾಜಿನಂತೆ ನಯವಾಗಿ ಹಿಡಿತ ಬಿಡುತ್ತದೆ. ತಿರುವಿಗೆ ಮುಂಚೆ ನೇರದಲ್ಲೇ ಎರಡೂ ಬ್ರೇಕು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಆಮೇಲೆ ಬಿಟ್ಟು ತಿರುಗಿ. ತಿರುವಿನ ನಡುವೆ ಮುಂದಿನ ಬ್ರೇಕು ಒತ್ತಿದರೆ ಮುರಕಲ್ಲಿನ ಪುಡಿಯ ಮೇಲೆ ಚಕ್ರ ಜಾರುವುದು ನಿಶ್ಚಿತ. ಮಳೆಯಲ್ಲಿ ಕೆಂಪು ಮಣ್ಣಿನ ನೀರು ಪ್ಯಾಡು-ರಿಮ್ಮಿನ ನಡುವೆ ಉಜ್ಜುಕಾಗದದ ಹಾಗೆ ಕೆಲಸ ಮಾಡುತ್ತದೆ. ಮಳೆಗಾಲದ ಸವಾರಿಗೆ ಒಂದು ಜೋಡಿ ಪ್ಯಾಡು ಜೊತೆಗಿರಲಿ.

35ರಿಂದ 40 ಮಿ.ಮೀ. ಅಗಲದ ಟಯರು ಸಾಕು. 38 ಮಿ.ಮೀ. ಟಯರಿಗೆ, 70–75 ಕಿಲೋದ ಸವಾರರಿಗೆ, ಗಾಳಿಯ ಒತ್ತಡವನ್ನು ಹಿಂದೆ 50 ಮತ್ತು ಮುಂದೆ 42–45 ಪಿ.ಎಸ್.ಐ. ಆಸುಪಾಸಿನಲ್ಲಿ ಶುರುಮಾಡಿ ನೋಡಿ. ಗಾಳಿ ಗಟ್ಟಿಯಾದರೆ ಒಡೆದ ಡಾಮರಿನ ಮೇಲೆ ಪುಟಿದು ಹಿಡಿತ ತಪ್ಪುತ್ತದೆ. ತೀರಾ ಕಡಿಮೆಯಾದರೆ ಹೊಂಡದ ಅಂಚಿಗೆ ಬಡಿದು ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಎರಡು ತೂತು.

ಚೀಲದಲ್ಲಿ ಎರಡು ಟ್ಯೂಬು, ತೇಪೆ ಸಾಮಾನು, ಟಯರ್ ಲಿವರು, ಪಂಪು, 4, 5, 6 ಮಿ.ಮೀ. ಅಲೆನ್ ಕೀ, ಚೈನಿನ ಜೋಡುಕೊಂಡಿ, ಒಂದು ಗೇರ್ ಕೇಬಲ್ ಇರಲಿ. ನಿಮ್ಮದು ಸಪೂರ ಪ್ರೆಸ್ಟಾ ವಾಲ್ವ್ ಆದರೆ ಅಡಾಪ್ಟರು ಮರೆಯಬೇಡಿ. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿಯಂತ್ರ ಇದ್ದರೂ ಆ ವಾಲ್ವಿಗೆ ಅದು ಕೂರುವುದಿಲ್ಲ.

ಕಾಲ, ಗಾಳಿ, ಬಿಸಿಲು

ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಒಳ್ಳೆಯ ಕಾಲ. ಜೂನ್–ಆಗಸ್ಟಿನಲ್ಲಿ ಕಾಂಕ್ರೀಟು ರಸ್ತೆಗೆ ಹಾವಸೆ ಹಿಡಿಯುತ್ತದೆ, ಅದರ ಮೇಲೆ ಅಡಿಕೆ ಹಾಳೆ ಬಿದ್ದಿದ್ದರೆ ಇಳಿದು ನಡೆಯುವುದೇ ಸರಿ. ಸೆಪ್ಟೆಂಬರಿನಲ್ಲಿ ಪದವಿನ ಮೇಲೆ ನೀಲಿ ಹೂಗಳು ಹಾಸಿರುತ್ತವೆ, ಮಳೆ ಬಿಡುವು ಕೊಟ್ಟ ದಿನ ನೋಡಿ ಹೊರಡಬಹುದು. ಅಕ್ಟೋಬರಿನಲ್ಲೂ ಏಪ್ರಿಲ್–ಮೇಯಲ್ಲೂ ಮಧ್ಯಾಹ್ನದ ಮೇಲೆ ಗುಡುಗು-ಸಿಡಿಲು. ಪದವಿನ ಬಯಲಲ್ಲಿ ನೀವೇ ಎತ್ತರದ ವಸ್ತು. ಗುಡುಗು ಕೇಳಿದ ಕೂಡಲೇ ಕೆಳಗಿನ ಯಾವುದಾದರೂ ಮನೆಯೊಳಗೆ ಸೇರಿ, ಒಂಟಿ ಮರದಡಿ ಬೇಡ.

ಬಿಸಿಲೇರಿದ ಮೇಲೆ ಕಡಲ ಗಾಳಿ ಪಡುವಣದಿಂದ ಬೀಸುತ್ತದೆ. ಕರಾವಳಿಗೆ ಹಿಂದಿರುಗುವುದಾದರೆ ಅದು ಎದುರುಗಾಳಿ, ಪುತ್ತೂರು-ಸುಳ್ಯದ ಕಡೆ ಹೋಗುವುದಾದರೆ ಬೆನ್ನಿಗೆ. ಒಂದೇ ದಿಕ್ಕಿನ ಪ್ರಯಾಣವನ್ನು ಕರಾವಳಿಯಿಂದ ಶುರುಮಾಡಲು ಇದೂ ಒಂದು ಕಾರಣ. ಆದರೆ ಬೆಳಗ್ಗೆ ಮೂಡಕ್ಕೆ ಹೋಗುವಾಗ ಸೂರ್ಯ ನೇರ ಕಣ್ಣಿಗೆ. ನಿಮ್ಮ ಹಿಂದಿನ ಬಸ್ಸಿನವರಿಗೂ ಅಷ್ಟೇ. ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಮಾರ್ಚ್ ಮೇಲೆ ಇನ್ನೂ ಹೆಚ್ಚು. ಬರೀ ನೀರೇ ಕುಡಿದು ಬೆವರಿದರೆ ಸ್ನಾಯು ಸೆಳೆತ, ತಲೆ ಭಾರ. ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಸಾಕು. ಚಮಚ ಚಹಾದ್ದು, ಮಟ್ಟಸವಾಗಿ ತುಂಬಿದ್ದು. ದಾರಿಯಲ್ಲಿ ಬೊಂಡ (ಎಳನೀರು), ಉಪ್ಪು ಹಾಕಿದ ಮಜ್ಜಿಗೆ ಸಿಕ್ಕಿದರೆ ಬಿಡಬೇಡಿ. ಒಳ ಊರಿನ ಸಣ್ಣ ಹೋಟೆಲುಗಳಲ್ಲಿ ಊಟ ಬೇಗ ಖಾಲಿಯಾಗುತ್ತದೆ, ಮಧ್ಯಾಹ್ನ ಒಂದರೊಳಗೆ ತಲುಪಿ. ಅವಲಕ್ಕಿ-ಬೆಲ್ಲವೋ ಬಾಳೆಹಣ್ಣೋ ಚೀಲದಲ್ಲಿರಲಿ.

ಮನೆಗೆ ಬಂದ ದಿನವೇ ಚೈನು ತೊಳೆಯಿರಿ. ಮುರಮಣ್ಣು ಎಣ್ಣೆಯ ಜೊತೆ ಒಣಗಿದರೆ ಕೊಂಡಿಗಳನ್ನು ಒಳಗಿನಿಂದ ಸವೆಸುತ್ತದೆ. ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಕೊಂಡಿಗೊಂದು ಹನಿಯಂತೆ ಎಣ್ಣೆ ಬಿಟ್ಟು, ಹತ್ತು ನಿಮಿಷದ ನಂತರ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ.